ಗಾಲೆಯ ಮೈದಾನದಲ್ಲಿ ‘ಹೂಂ’ ಅಂದವರು

ಭದ್ರಾವತಿ

ಮಕ್ಕಳೇ, ಸಿಲೋನಿನಲ್ಲಿ ಸಮುದ್ರ ಹೇಗಿತ್ತು ಅಜ್ಜಿ ಎಂದು ನೀವು ಕೇಳಿದಾಗಲೆಲ್ಲ ನಾನು ‘ನೀರಿತ್ತು’ ಎಂದಷ್ಟೇ ಹೇಳಿ ಎದ್ದು ಒಳಗೆ ಹೋಗಿದ್ದೇನೆ. ನಾಲ್ಕು ಜನರ ಎದುರು ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕಲಿತ ಅಕ್ಷರ ಇದಕ್ಕಾದರೂ ಬರಲಿ ಎಂದು ಕೂತಿದ್ದೇನೆ.

ನಿಮ್ಮ ತಾತ ಜ್ವರದಲ್ಲಿ ಹೋದ ಮೇಲೆ ನಾನು ಕಾರ್ಖಾನೆಯ ಕೆಲಸಗಾರರ ಮೆಸ್ಸಿನಲ್ಲಿ ಅಡುಗೆಗೆ ಸೇರಿದೆ. ಮೆಸ್ಸಿನ ಹಿಂದೆಯೇ ಫುಟ್ಬಾಲ್ ಮೈದಾನ. ಒಲೆಯ ಮುಂದಿನ ಕಿಟಕಿಯಿಂದ ನೋಡುತ್ತ ನೋಡುತ್ತಲೇ ನನಗೆ ಆ ಆಟ ಅರ್ಥವಾಯಿತು. ನಿಮ್ಮಪ್ಪ ಚಂದ್ರು ಆಗ ಕಾರ್ಖಾನೆಯಲ್ಲಿ ಬದಲಿ ಕೆಲಸಗಾರ. ಯಾರಾದರೂ ರಜಾ ಹಾಕಿದ ದಿನ ಮಾತ್ರ ಅವನಿಗೆ ಕೆಲಸ. ತಂಡದಲ್ಲಿ ಅವನು ಬ್ಯಾಕ್, ಅಂದರೆ ಗೋಲಿನ ಮುಂದೆ ನಿಂತು ಕಾಯುವವನು. ಚೆನ್ನಾಗಿ ಆಡುವ ಹುಡುಗರ ಕೆಲಸ ಖಾಯಂ ಆಗುತ್ತಿತ್ತು. ನಮಗೆ ಇದ್ದ ಆಸೆ ಅದೊಂದೇ.

ಆದರೆ ನಿಮ್ಮಪ್ಪನ ಆಟ ಎಲ್ಲರ ಹಾಗಿರಲಿಲ್ಲ. ಬೇರೆ ಬ್ಯಾಕುಗಳು ಚೆಂಡು ಸಿಕ್ಕ ಕೂಡಲೇ ಕಣ್ಣಿಗೆ ಕಾಣದಷ್ಟು ದೂರ ಒದೆಯುತ್ತಿದ್ದರು. ಇವನು ಕಾಲಡಿಯಲ್ಲಿ ಇಟ್ಟುಕೊಂಡು, ಸುತ್ತ ನೋಡಿ, ಹತ್ತಿರದವನಿಗೆ ಮೆಲ್ಲಗೆ ತಳ್ಳುತ್ತಿದ್ದ. ಅವನು ಮತ್ತೊಬ್ಬನಿಗೆ. ಹಾಗೆ ನಮ್ಮ ಗೋಲಿನ ಬಾಯಿಂದ ಎದುರಾಳಿಗಳ ಗೋಲಿನವರೆಗೆ ಚೆಂಡು ನೆಲದ ಮೇಲೆಯೇ ನಡೆದು ಹೋಗಬೇಕು, ಇದು ಅವನ ಹಟ. ಕೆಲವು ಸಲ ನಡೆಯುತ್ತಿತ್ತು. ಕೆಲವು ಸಲ ನಡುವೆ ಯಾರಾದರೂ ಕಸಿದುಕೊಂಡು ಎರಡೇ ಹೆಜ್ಜೆಯಲ್ಲಿ ಗೋಲು ಹೊಡೆದುಬಿಡುತ್ತಿದ್ದರು. ಆಗ ಮೈದಾನವೆಲ್ಲ ನಿಮ್ಮಪ್ಪನನ್ನು ಬೈಯುತ್ತಿತ್ತು. ನಾನು ಕಿಟಕಿ ಮುಚ್ಚುತ್ತಿದ್ದೆ.

ಅವನಿಗೆ ಈ ಚಾಳಿ ಎಲ್ಲಿಂದ ಬಂತು ಎಂದು ನನಗೆ ಗೊತ್ತಿತ್ತು. ನಮ್ಮ ಹಳ್ಳಿಯಲ್ಲಿ ಮಳೆಗೆ ಮುಂಚೆ ಮನೆಯ ನಾಡಹೆಂಚುಗಳನ್ನೆಲ್ಲ ಇಳಿಸಿ, ಒಡೆದದ್ದನ್ನು ಬಿಸಾಡಿ, ಮತ್ತೆ ಹೊದಿಸುತ್ತಾರೆ. ನೆಲದಿಂದ ಮಾಡಿನವರೆಗೆ ಜನ ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ಕೊಡುತ್ತಾರೆ. ಎಸೆದರೆ ಬೇಗ ಆಗುತ್ತದೆ, ಆದರೆ ಅರ್ಧ ಒಡೆಯುತ್ತವೆ. ಆ ಸಾಲಿಗೊಂದು ನಿಯಮವಿದೆ. ಕೊಡುವವನು ಬಾಯಿ ಬಿಡುವಂತಿಲ್ಲ. ತೆಗೆದುಕೊಳ್ಳುವವನು ‘ಹೂಂ’ ಎನ್ನಬೇಕು. ಹೂಂ ಬಂದ ಮೇಲೆಯೇ ಕೈ ಬಿಡುವುದು. ಚಂದ್ರು ಚಿಕ್ಕಂದಿನಿಂದ ಆ ಸಾಲಿನಲ್ಲಿ ನಿಂತವನು. ಸಿಲೋನಿಗೆ ಹೋಗುವ ಹಿಂದಿನ ವರ್ಷ ನಮ್ಮ ಮೆಸ್ಸಿನ ಮಾಡು ಸೋರಿದಾಗ ತಂಡದ ಹುಡುಗರನ್ನೆಲ್ಲ ಕರೆತಂದು ಅವನೇ ಸಾಲು ನಿಲ್ಲಿಸಿದ್ದ. ತಂಡದ ಮ್ಯಾನೇಜರ್ ಆಗಿದ್ದ ಸ್ಟೋರ್ಸಿನ ರಾಮಣ್ಣನವರು ಕೊಡೆ ಹಿಡಿದು ದೂರದಲ್ಲಿ ನಿಂತು, ‘ಬೇಗ, ಬೇಗ’ ಎಂದು ಹೇಳುತ್ತಿದ್ದರು.

ಸಿಲೋನಿನ ಗಾಲೆ ಎಂಬ ಊರಿನ ಬಂದರು ಕೆಲಸಗಾರರು ನಮ್ಮ ತಂಡವನ್ನು ಸ್ನೇಹದ ಪಂದ್ಯಕ್ಕೆ ಕರೆದಾಗ ರಾಮಣ್ಣನವರು ಮೆಸ್ಸಿನ ಬಾಗಿಲಿಗೆ ಬಂದರು.

‘ಪುಟ್ಟಮ್ಮ, ನೀನೂ ಹೊರಡ್ಬೇಕು. ಹೋದ್ಸಲ ಮಂಗಳೂರಲ್ಲಿ ಹೊರಗಡೆ ತಿಂದು ಏಳು ಜನ ಹೊಟ್ಟೆ ಹಿಡ್ಕೊಂಡು ಆಡಿದ್ರು. ನನ್ನ ಹೆಂಡ್ತಿ ಸಾವಿತ್ರಿನೂ ಬರ್ತಾಳೆ, ನಿಂಗೆ ಜೊತೆ ಆಗುತ್ತೆ.’

ನಾನು ತಲೆ ಬಗ್ಗಿಸಿ ನಿಂತೆ. ಅವರು ಹೊರಟವರು ಮತ್ತೆ ತಿರುಗಿದರು.

‘ಇನ್ನೊಂದು ಮಾತು. ನಿನ್ನ ಮಗನಿಗೆ ಹೇಳು. ಮುಂದೆ ಆಡೋನು ತಪ್ಪಿದ್ರೆ ಅವನ ಹಿಂದೆ ಹತ್ತು ಜನ ಇರ್ತಾರೆ. ಇವನು ತಪ್ಪಿದ್ರೆ ಹಿಂದೆ ಇರೋದು ಬಲೆ ಒಂದೇ. ಈ ಸಲನೂ ಗೋಲ್ ಮುಂದೆ ಚೆಂಡು ಇಟ್ಕೊಂಡು ಆಟ ಆಡಿ ಗೋಲ್ ಬಿಟ್ಟುಕೊಟ್ರೆ, ತಂಡದಿಂದ ಹೆಸರು ತೆಗೀತೀನಿ. ಆಮೇಲೆ ಖಾಯಂ ಮಾಡಿ ಅಂತ ನಾನು ಯಾರ ಹತ್ರ ಕೇಳಲಿ?’

ಅವರು ಕೆಟ್ಟವರಲ್ಲ. ಹೇಳಿದ್ದೂ ಸುಳ್ಳಲ್ಲ. ಊಟಕ್ಕೆ ಕೂತಾಗ ಚಂದ್ರುವಿಗೆ ಹೇಳಿದೆ.

‘ಅಷ್ಟು ದೂರ ಒದ್ರೆ ಅದು ನಮ್ಮ ಚೆಂಡಲ್ಲ ಕಣವ್ವ. ಅವರ ಕಡೆ ಬ್ಯಾಕ್‌ಗಳು ನಮಗಿಂತ ಒಂದು ಗೇಣು ಎತ್ತರ ಇರ್ತಾರೆ, ತಲೇಲಿ ಹೊಡೆದು ವಾಪಸ್ ಕಳಿಸ್ತಾರೆ. ನಾನು ಇಲ್ಲೇ ಇಟ್ಕೊಂಡ್ರೆ ಕಸಿಯೋಕೆ ಅವರೇ ಬರ್ತಾರೆ. ಬಂದ್ರೆ ಅವರ ಮನೆ ಖಾಲಿ ಆಗುತ್ತಲ್ಲ.’

‘ಕಸ್ಕೊಂಡ್ರೆ?’

ಅವನು ಮುದ್ದೆ ಮುರಿದು ಸಾರಿಗೆ ಅದ್ದಿದ. ‘ಕಸ್ಕೊಂಡ್ರೆ ನಮ್ಮನೆ ಖಾಲಿ.’

ಶಿವಮೊಗ್ಗ

ಪಾಸ್‌ಪೋರ್ಟಿಗೆ ಫೋಟೋ ಬೇಕೆಂದು ನಾನೂ ಚಂದ್ರುವೂ ಮಲವಗೊಪ್ಪದ ದಾರಿಯ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದೆವು. ಅದುವರೆಗೆ ನಾನು ಫೋಟೋ ತೆಗೆಸಿದವಳಲ್ಲ. ಸ್ಟುಡಿಯೋದವನು ತಲೆಯ ಮೇಲಿನ ಸೆರಗು ತೆಗೆಯಿರಿ ಎಂದ. ನಾನು ತೆಗೆಯಲಿಲ್ಲ. ಕೊನೆಗೆ ಅರ್ಧ ಹಣೆ ಕಾಣುವಷ್ಟಕ್ಕೆ ರಾಜಿಯಾಯಿತು. ಮೊದಲ ಫೋಟೋದಲ್ಲಿ ನನ್ನ ಕಣ್ಣು ಮುಚ್ಚಿದೆ. ‘ಮೇಲ್ಗಡೆ ನೋಡಮ್ಮ ಅಂದ್ರೆ ದೇವರ ಧ್ಯಾನ ಮಾಡ್ತೀರಲ್ಲ’ ಎಂದು ಅವನು ಗೊಣಗಿದ. ಎರಡನೆಯದರಲ್ಲಿ ಕಣ್ಣು ಬಿಟ್ಟಿದ್ದೇನೆ, ಆದರೆ ಯಾರೋ ಹೊಡೆಯಲು ಬಂದ ಹಾಗೆ. ಆ ಮುಖ ಹೊತ್ತುಕೊಂಡೇ ನಾನು ಸಮುದ್ರ ದಾಟಿದ್ದು.

ಬೀರೂರು

ಬೀರೂರಿನಲ್ಲಿ ಗಾಡಿ ಬದಲಾಯಿಸುವಾಗ ಮಿಡಿ ಉಪ್ಪಿನಕಾಯಿಯ ಭರಣಿ ತಂಡದ ಬಟ್ಟೆಯ ಗಂಟಿನ ಮೇಲೆ ಮಗುಚಿಕೊಂಡಿತು. ಹನ್ನೊಂದು ಅಂಗಿಗಳಲ್ಲಿ ಹತ್ತು ಉಳಿದವು. ಒಂದರ ಬೆನ್ನಿಗೆ ಅಂಗೈ ಅಗಲ ಕೆಂಪು ಕಲೆಯಾಯಿತು. ಅದು ಚಂದ್ರುವಿನದೇ ಆಗಬೇಕೆ? ಸ್ಟೇಷನ್ನಿನ ನಲ್ಲಿಯಲ್ಲಿ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಗೋಲ್ ಕಾಯುವ ಬಾಷಾ ಅದನ್ನು ಮೂಸಿ ನೋಡಿ, ‘ಅರೆ ಅಮ್ಮ, ಇನ್ಮೇಲೆ ಇವನ ಹಿಂದೆ ಯಾರೂ ಬರಲ್ಲ ಬಿಡಿ, ಎಲ್ಲರಿಗೂ ಹಸಿವಾಗ್ಬಿಡುತ್ತೆ’ ಎಂದ. ಬಾಷಾ ನಮ್ಮ ಬೀದಿಯ ಲಾರಿ ಮೆಕ್ಯಾನಿಕ್ಕಿನ ಮಗ, ಕಾರ್ಖಾನೆಯಲ್ಲಿ ಫಿಟ್ಟರ್. ನಗಿಸದೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಧನುಷ್ಕೋಡಿ, ತಲೈಮನ್ನಾರ್

ಆಗ ಧನುಷ್ಕೋಡಿ ಇನ್ನೂ ಊರಾಗಿತ್ತು, ಚಂಡಮಾರುತ ಅದನ್ನು ಕೊಚ್ಚಿಕೊಂಡು ಹೋಗಿರಲಿಲ್ಲ. ರೈಲು ಹಡಗಿನ ಪಕ್ಕಕ್ಕೇ ಹೋಗಿ ನಿಲ್ಲುತ್ತಿತ್ತು. ಸಮುದ್ರ ಹೇಗಿತ್ತು ಎಂದರೆ, ನಮ್ಮ ಭದ್ರಾ ನದಿ ಒಂದು ಕಡೆಗೆ ಹೋಗುತ್ತದೆ, ನೋಡಿದರೆ ಗೊತ್ತಾಗುತ್ತದೆ. ಸಮುದ್ರ ಎಲ್ಲಿಗೂ ಹೋಗುವುದಿಲ್ಲ, ಆದರೂ ಸುಮ್ಮನಿರುವುದಿಲ್ಲ. ಅದೇ ನನಗೆ ಆಶ್ಚರ್ಯ. ಸಾವಿತ್ರಮ್ಮನವರಿಗೆ ಹತ್ತಿದ ಅರ್ಧ ಗಂಟೆಯಲ್ಲೇ ವಾಂತಿ ಶುರುವಾಯಿತು. ‘ಈ ಹಡಗಿಗೆ ನಡುವೆ ಒಂದು ಸ್ಟೇಷನ್ನೂ ಇಲ್ವೇನ್ರೀ?’ ಎಂದು ಗಂಡನನ್ನು ಕೇಳಿದರು. ರಾಮಣ್ಣನವರು ಕೊಡೆ ಬಿಚ್ಚಿ ಹೆಂಡತಿಗೆ ನೆರಳು ಹಿಡಿದು ನಿಂತರು. ಗಾಳಿ ಅದನ್ನು ಎರಡು ಸಲ ತಿರುಚಿ ಹಾಕಿತು. ಅವರು ಎರಡು ಸಲವೂ ಸರಿ ಮಾಡಿ ಮತ್ತೆ ಹಿಡಿದರು.

ಆಚೆ ದಡದ ತಲೈಮನ್ನಾರಿನಲ್ಲಿ ಸಾಮಾನು ತಪಾಸಣೆ. ನನ್ನ ಮೂಟೆ ಬಿಚ್ಚಿದ ಅಧಿಕಾರಿ ರಾಗಿಹಿಟ್ಟಿಗೆ ಬೆರಳದ್ದಿ ನೋಡಿದ. ಇನ್ನು ನಮ್ಮನ್ನು ವಾಪಸು ಕಳಿಸುತ್ತಾರೆ ಎಂದು ಹೆದರಿದೆ. ಅವನು ‘ಕುರಕ್ಕನ್’ ಎಂದು ನಕ್ಕು, ಹೊಟ್ಟೆ ಸವರಿಕೊಂಡು ಗಂಟು ಕಟ್ಟಿಕೊಟ್ಟ. ಅವರ ಭಾಷೆಯಲ್ಲಿ ಅದು ರಾಗಿ. ಸಮುದ್ರ ದಾಟಿದ ಮೇಲೂ ರಾಗಿಯನ್ನು ಬಲ್ಲವರಿದ್ದಾರೆ ಎಂದು ಗೊತ್ತಾದ ಮೇಲೆ ನನ್ನ ಅರ್ಧ ಹೆದರಿಕೆ ಇಳಿಯಿತು.

ಗಾಲೆಯ ಕೋಟೆ

ಗಾಲೆ ದ್ವೀಪದ ತೆಂಕಣ ತುದಿ. ಸಮುದ್ರಕ್ಕೆ ಚಾಚಿದ ಕೋಟೆ, ಕೋಟೆಯ ಒಳಗೆ ಬೀದಿಗಳು, ಮನೆಗಳು. ಹುಡುಗರಿಗೆ ಕೋಟೆಯ ಹೊರಗಿನ ಶಾಲೆಯೊಂದರಲ್ಲಿ ಜಾಗ ಕೊಟ್ಟರು. ನನಗೆ, ಸಾವಿತ್ರಮ್ಮನವರಿಗೆ ಕೋಟೆಯೊಳಗೆ ಆಯಿಷಾ ಎಂಬವರ ಮನೆ. ಅಡುಗೆಯೂ ಅಲ್ಲೇ.

ಆಯಿಷಾ ನನ್ನ ವಯಸ್ಸಿನವರು, ಗಂಡ ಇಲ್ಲ. ತಲೆಯ ಮೇಲೆ ಸೆರಗು ನನಗಿಂತ ಮುಂದಕ್ಕೆ. ಇನ್ನು ಸನ್ನೆಯಲ್ಲೇ ದಿನ ಕಳೆಯಬೇಕು ಎಂದುಕೊಂಡಿದ್ದೆ. ಅವರು ಒಳಗಿನಿಂದ ಯಾರಿಗೋ ನೀರು ತರಲು ಹೇಳಿದ್ದು ಕೇಳಿತು. ತಮಿಳು. ಅಲ್ಲಿನ ಮುಸಲ್ಮಾನರ ಮನೆಮಾತು ತಮಿಳಂತೆ. ಭದ್ರಾವತಿಯ ನಲ್ಲಿಯ ಸಾಲಿನಲ್ಲಿ ತಮಿಳು ಹೆಂಗಸರ ಜೊತೆ ಕೊಡ ಹಿಡಿದು ನಿಂತು ಕಲಿತ ತಮಿಳು ನನಗೆ ಅಲ್ಲಿ ಕೆಲಸಕ್ಕೆ ಬಂತು. ಸಾವಿತ್ರಮ್ಮನವರು ಮಾತ್ರ ನಮ್ಮಿಬ್ಬರ ಬಾಯಿ ನೋಡುತ್ತ ಕೂತರು.

ಆ ಮನೆಯಲ್ಲಿ ಎಲ್ಲದಕ್ಕೂ ತೆಂಗಿನ ಹಾಲು, ಎಲ್ಲದಕ್ಕೂ ಒಣಮೀನಿನ ಪುಡಿ. ನಾನು ಮುದ್ದೆ ಕಟ್ಟಿ ಒಂದು ಅವರಿಗೂ ಕೊಟ್ಟೆ. ಅವರು ಅಗಿಯಲು ಶುರು ಮಾಡಿದರು.

‘ಅಗೀಬೇಡಿ, ನುಂಗಿ’ ಎಂದೆ.

‘ನುಂಗುವುದಾದರೆ ಇಷ್ಟು ಕಷ್ಟಪಟ್ಟು ಯಾಕಮ್ಮ ತಿರುವಿದೆ?’ ಎಂದರು. ನಾನು ಒಂದು ತುತ್ತು ನುಂಗಿ ತೋರಿಸಿದೆ.

ಅವರ ಅಕ್ಕನ ಮಗ ನಸೀರ್ ಬಂದರಿನ ತಂಡದಲ್ಲಿ ಮುಂದೆ ಆಡುವವನು. ಆಯಿಷಾ ಅದನ್ನು ಮೂರು ಸಲ ಹೇಳಿದರು. ನನ್ನ ಮಗ ಹಿಂದೆ ಆಡುತ್ತಾನೆ ಎಂದು ನಾನು ಒಂದು ಸಲ ಹೇಳಿದೆ.

‘ಹಾಗಾದರೆ ನಾಳೆ ನನ್ನ ಹುಡುಗ ನಿನ್ನ ಹುಡುಗನ ಮೇಲೇ ಬರುತ್ತಾನೆ. ಬೇಜಾರು ಮಾಡಿಕೊಳ್ಳಬೇಡ’ ಎಂದು ನನ್ನ ಕೈ ತಟ್ಟಿದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ನಮ್ಮ ತಂಡದ ನಾಯಕ ಮುರುಗೇಶ, ಅಚ್ಚು ಹೊಯ್ಯುವ ಕೆಲಸದವನು. ನಡುವೆ ನಿಂತು ಆಡಿಸುವವನು. ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿಯ ತಂಡಗಳ ಎದುರು ನಮ್ಮವರು ಮೈದಾನದಲ್ಲಿ ತಮಿಳಿನಲ್ಲೇ ಕೂಗಿಕೊಳ್ಳುತ್ತಿದ್ದರು, ಎದುರಿನವರಿಗೆ ತಿಳಿಯದಿರಲಿ ಎಂದು. ನಮ್ಮ ಕಾರ್ಖಾನೆಯ ಬೀದಿಗಳಲ್ಲಿ ಬೆಳೆದ ಯಾವ ಹುಡುಗನಿಗೂ ತಮಿಳು ಬರುತ್ತದೆ, ಚಂದ್ರುವಿಗೂ ಬಾಷಾನಿಗೂ ಕೂಡ. ಗಾಲೆಗೆ ಬಂದ ದಿನ ಮುರುಗೇಶ ಶಾಲೆಯ ಕಾವಲುಗಾರನನ್ನು ತಮಿಳಿನಲ್ಲಿ ಮಾತಾಡಿಸಿದ್ದ. ಅವನು ತಲೆಯಾಡಿಸಿ ಸಿಂಹಳದಲ್ಲಿ ಏನೋ ಹೇಳಿದ. ‘ಸರಿ, ಇಲ್ಲಿ ಯಾರಿಗೂ ಬರಲ್ಲ, ನಮ್ಮ ದಾರಿ ಸಲೀಸು’ ಎಂದು ಮುರುಗೇಶ ಎಲ್ಲರಿಗೂ ಹೇಳಿಬಿಟ್ಟ. ಊಟ ತೆಗೆದುಕೊಂಡು ಹೋಗಿದ್ದ ನಾನು ಅದನ್ನು ಕೇಳಿದೆ. ಆಯಿಷಾರ ಮನೆಯ ಮಾತೂ ನನಗೆ ಗೊತ್ತಿತ್ತು. ಎರಡನ್ನೂ ಒಂದಕ್ಕೊಂದು ಸೇರಿಸಿ ನೋಡಲಿಲ್ಲ. ಪಾತ್ರೆ ಇಟ್ಟು, ತಲೆ ಬಗ್ಗಿಸಿ ಬಂದುಬಿಟ್ಟೆ.

ಕೋಟೆಯ ಕೆಳಗೆ

ಮೈದಾನ ಕೋಟೆಯ ಗೋಡೆಯ ಬುಡದಲ್ಲಿದೆ. ಅಗಲವಾದ ಗೋಡೆಯ ಮೇಲೆ ಜನ ಕೂತು ಆಟ ನೋಡುತ್ತಾರೆ. ಹೆಂಗಸರಿಗೆ ಒಂದು ಕಡೆ. ಆಯಿಷಾ ಚಾಪೆ ಹಾಸಿ ನನ್ನನ್ನೂ ಸಾವಿತ್ರಮ್ಮನವರನ್ನೂ ಕೂರಿಸಿಕೊಂಡರು. ಬೆಳಿಗ್ಗೆ ಮಳೆ ಬಂದಿತ್ತು. ಚರ್ಮದ ಚೆಂಡು ನೀರು ಕುಡಿದು ಭಾರವಾಗಿತ್ತು, ಒದ್ದರೆ ಅರ್ಧಕ್ಕೇ ಬೀಳುತ್ತಿತ್ತು. ಅಷ್ಟು ಎತ್ತರದಿಂದ ಮುಖಗಳು ಕಾಣುತ್ತಿರಲಿಲ್ಲ. ಬೆನ್ನಿನ ಉಪ್ಪಿನಕಾಯಿ ಕಲೆ ನೋಡಿಯೇ ನಾನು ಮಗನನ್ನು ಗುರುತಿಸಿದ್ದು.

ಬಾಷಾ ಚೆಂಡನ್ನು ಕೈಯಿಂದ ಉರುಳಿಸಿ ಚಂದ್ರುವಿಗೆ ಕೊಟ್ಟ. ಎತ್ತರದ ಹುಡುಗನೊಬ್ಬ ಅವನ ಮೇಲೆ ಬಂದ, ನಸೀರ್. ಮುರುಗೇಶ ಮುಂದಿನಿಂದ, ‘ಎಡಕ್ಕೆ ಹಾಕು’ ಎಂದು ತಮಿಳಿನಲ್ಲಿ ಕೂಗಿದ. ಚಂದ್ರು ಎಡಕ್ಕೆ ತಳ್ಳುವ ಮೊದಲೇ ನಸೀರ್ ಎಡಕ್ಕೆ ಓಡಿದ್ದ. ಚೆಂಡು ಅವನ ಕಾಲಿಗೆ ತಗಲಿ ಹೊರಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೆಯೇ ಬಲಕ್ಕೆ. ಮೂರನೆಯ ಸಲ ‘ಬಾಷಾಗೆ ಹಿಂದಕ್ಕೆ ಕೊಡು’ ಎಂದು ಕೂಗು ಬಂತು. ನಸೀರ್ ಚಂದ್ರುವಿನ ಕಡೆಗೆ ನೋಡಲೂ ಇಲ್ಲ. ನೇರವಾಗಿ ಬಾಷಾನ ದಾರಿಯಲ್ಲಿ ಹೋಗಿ ನಿಂತ. ಚೆಂಡು ಅವನ ಕಾಲಿಗೇ ಹೋಯಿತು. ಗೋಲು.

ಗೋಡೆಯ ಮೇಲೆಲ್ಲ ಕೇಕೆ. ಕೆಳಗೆ ರಾಮಣ್ಣನವರು ಮಡಿಚಿದ ಕೊಡೆಯನ್ನು ನೆಲಕ್ಕೆ ಕುಟ್ಟಿದ್ದು ಕಾಣಿಸಿತು. ಆ ಕಲೆಯ ಅಂಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಅಲ್ಲೇ ನಿಂತಿತ್ತು.

ಆಯಿಷಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ‘ನಿಮ್ಮವರು ಒಳ್ಳೆ ಜನ ಕಣಮ್ಮ. ಎಲ್ಲಿ ಹಾಕುತ್ತೇವೆ ಎಂದು ನಮ್ಮ ನಸೀರ್‌ಗೆ ಹೇಳಿಯೇ ಹಾಕುತ್ತಾರೆ.’

ನಾನು ಹಿಂದಿನ ದಿನ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅರ್ಧ ಆಟಕ್ಕೆ ಸೀಟಿ ಊದಿದರು. ಪಾನಕದ ಕೊಡ ಆಗಲೇ ಕೆಳಗೆ ಹೋಗಿತ್ತು. ‘ಪಾನಕಕ್ಕೆ ಉಪ್ಪು ಹಾಕೋದು ಮರೆತೆ’ ಎಂದು ಸಾವಿತ್ರಮ್ಮನವರಿಗೆ ಸುಳ್ಳು ಹೇಳಿ ಎದ್ದೆ. ಗೋಡೆಯ ಇಳಿಜಾರು ಇಳಿದು, ಕೋಟೆಯ ಬಾಗಿಲು ದಾಟಿ, ಗಂಡಸರ ಗುಂಪಿನ ನಡುವೆ ಹಾದು ಮೈದಾನಕ್ಕೆ ಹೋದೆ. ಹೇಗೆ ಹೋದೆ ಎಂದು ಕೇಳಬೇಡಿ.

ರಾಮಣ್ಣನವರು ಹೇಳುತ್ತಿದ್ದರು: ‘ಸಾಕಯ್ಯ, ನಿನ್ನ ಆಟ ನೋಡಿದ್ದು ಸಾಕು. ಇನ್ನು ಕಣ್ಮುಚ್ಚಿ ಮುಂದಕ್ಕೆ ಒದಿ. ಊರಿಗೆ ಹೋದ್ಮೇಲೆ ಮಾತಾಡೋಣ.’ ಚಂದ್ರು ನೆಲ ನೋಡುತ್ತ ಕೂತಿದ್ದ. ಮಾತಾಡೋಣ ಎಂದರೆ ಏನು ಎಂದು ಅವನಿಗೂ ಗೊತ್ತಿತ್ತು, ನನಗೂ.

ನಾನು ಸೆರಗು ಎಳೆದುಕೊಂಡು, ಮಗನ ಕಡೆ ಮಾತ್ರ ನೋಡುತ್ತ ಹೇಳಿದೆ. ‘ಚಂದ್ರು, ಅವರಿಗೆ ತಮಿಳು ಬರುತ್ತೆ. ಆ ಎತ್ತರದ ಹುಡುಗನ ಮನೆಮಾತೇ ತಮಿಳು.’

ಎಲ್ಲರೂ ನನ್ನ ಕಡೆ ತಿರುಗಿದರು. ಎರಡು ವರ್ಷದಿಂದ ನನ್ನ ಕೈಯಡುಗೆ ಉಂಡ ಹುಡುಗರು ಅವರು. ನನ್ನ ದನಿ ಕೇಳಿದ್ದು ಅದೇ ಮೊದಲು ಎಂದು ಬಾಷಾ ಆಮೇಲೆ ಹೇಳಿದ.

ಮುರುಗೇಶ ಹಣೆ ಹಣೆ ಬಡಿದುಕೊಂಡ. ‘ತಪ್ಪು ನಂದು ಸಾರ್, ಅವನದಲ್ಲ. ನಾನೇ ಕೂಗಿ ಕೂಗಿ ಹೇಳಿಕೊಟ್ಟೆ. ಈಗ ಏನಕ್ಕಾ ಮಾಡೋದು? ಕನ್ನಡದಲ್ಲಿ ಕೂಗೋಣ ಅಂದ್ರೆ ಎಡ, ಬಲ ಎಲ್ಲಾ ತಮಿಳಿನ ಹಾಗೇ ಕೇಳುತ್ತೆ, ಅವರಿಗೂ ಗೊತ್ತಾಗುತ್ತೆ.’

ಚಂದ್ರು ತಲೆ ಎತ್ತಿದ. ನನ್ನನ್ನೇ ನೋಡುತ್ತ ಹೇಳಿದ. ‘ಮೆಸ್ಸಿನ ಮಾಡಿಗೆ ಹೆಂಚು ಕೊಟ್ವಲ್ಲ, ಹಾಗೆ. ಕೊಡೋನು ಬಾಯಿ ಬಿಡಬಾರದು. ಬೇಕಾದೋನು ಹೂಂ ಅನ್ನಲಿ.’

‘ಎಲ್ಲಿಂದ ಹೂಂ ಬಂತು ಅಂತ ನೀನು ನೋಡೋಷ್ಟರಲ್ಲಿ ಅವನು ಬಂದು ಕಸ್ಕೋತಾನೆ’ ಎಂದರು ರಾಮಣ್ಣನವರು.

‘ನೋಡಬೇಕಾಗಿಲ್ಲ ಸಾರ್. ಯಾರ ಹೂಂ ಅಂತ ನಮಗೆ ಗೊತ್ತು. ಅವರಿಗೆ ಗೊತ್ತಿಲ್ಲ.’

ರಾಮಣ್ಣನವರು ಪಾನಕದ ಲೋಟ ಕೆಳಗಿಟ್ಟರು. ‘ಇನ್ನೊಂದು ಗೋಲ್ ಆದ್ರೆ ನಾನು ಜವಾಬ್ದಾರ ಅಲ್ಲ.’ ಬೇಡ ಎಂದು ಮಾತ್ರ ಹೇಳಲಿಲ್ಲ.

ಮತ್ತೆ ಗೋಡೆ ಹತ್ತಲು ಸಮಯವಿರಲಿಲ್ಲ. ನಾನು ಮೈದಾನದ ಅಂಚಿಗೆ ಕಟ್ಟಿದ್ದ ಹಗ್ಗದ ಆಚೆ, ರಾಮಣ್ಣನವರಿಂದ ಮಾರು ದೂರದಲ್ಲಿ ಕೊಡದ ಪಕ್ಕ ನಿಂತೆ.

ಬಾಷಾ ಚೆಂಡು ಉರುಳಿಸಿದ. ಚಂದ್ರು ಅದರ ಮೇಲೆ ಕಾಲಿಟ್ಟು ನಿಂತ. ನಸೀರ್ ಬಂದ, ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಹೂಂ ಎಲ್ಲಿಂದಲೂ ಬರಲಿಲ್ಲ. ‘ಒದಿಯೋ, ಒದಿಯೋ ಮಾರಾಯ’ ಎಂದು ರಾಮಣ್ಣನವರು ಗಂಟಲು ಹರಿಯುವಂತೆ ಕೂಗಿದರು. ಚಂದ್ರು ಒದೆಯಲಿಲ್ಲ. ಇನ್ನು ಒಂದು ಹೆಜ್ಜೆ ಇದೆ ಎನ್ನುವಾಗ ನಡುವಿನಿಂದ ಮುರುಗೇಶನ ದನಿ, ‘ಹೂಂ.’ ಇಬ್ಬರ ಕಾಲಿನ ನಡುವೆ ಚೆಂಡು ಹೋಯಿತು. ಮೂವರೂ ಇತ್ತ ಬಂದುಬಿಟ್ಟಿದ್ದರಿಂದ ಮುರುಗೇಶನ ಸುತ್ತ ಯಾರೂ ಇರಲಿಲ್ಲ. ಅವನು ತಿರುಗಿದ. ಬಲಗಡೆಯಿಂದ ಹೂಂ. ಅಲ್ಲಿಂದ ಮುಂದೆ ಹೂಂ. ದೂರ ಹೋದಂತೆ ದನಿ ಸಣ್ಣದಾಯಿತು. ನನ್ನ ಕಣ್ಣಿಗೆ ಮೈದಾನ ಕಾಣುತ್ತಿರಲಿಲ್ಲ, ನಮ್ಮ ಹಳ್ಳಿಯ ಮನೆಯ ಏಣಿ ಕಾಣುತ್ತಿತ್ತು. ಕೊನೆಯ ಹೂಂ ಕೇಳಿಸಲೇ ಇಲ್ಲ. ಬಲೆ ಅಲ್ಲಾಡಿದ್ದು ಕಾಣಿಸಿತು.

ಒಂದಕ್ಕೊಂದು ಸಮವಾಯಿತು. ಆದರೆ ನಾನು ನಿಮಗೆ ಎಲ್ಲವನ್ನೂ ಹೇಳಬೇಕು. ಆಟ ಮುಗಿಯಲು ಸ್ವಲ್ಪ ಇರುವಾಗ ಚಂದ್ರು ಮತ್ತೆ ಹಾಗೇ ನಿಂತ. ಈ ಸಲ ನಸೀರ್ ಕಸಿದೇಬಿಟ್ಟ. ಅವನು ಒದ್ದ ಚೆಂಡು ಬಾಷಾನನ್ನು ದಾಟಿ, ಗೋಲಿನ ಕಂಬಕ್ಕೆ ಬಡಿದು ವಾಪಸು ಬಂತು. ಒಂದು ಬೆರಳಿನಷ್ಟು ಈಚೆ ಬಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲವೋ ಏನೋ. ವಾಪಸು ಬಂದ ಚೆಂಡು ಚಂದ್ರುವಿನ ಕಾಲಿಗೇ ಸಿಕ್ಕಿತು. ಈಗಲಾದರೂ ಒದೆಯುತ್ತಾನೆ ಎಂದುಕೊಂಡೆ. ಅವನು ಸುತ್ತ ನೋಡಿ, ಹೂಂ ಕೇಳಿ, ಪಕ್ಕದವನಿಗೆ ಮೆಲ್ಲಗೆ ತಳ್ಳಿದ. ರಾಮಣ್ಣನವರು ನನ್ನ ಕೊಡದ ಪಕ್ಕ ನೆಲದ ಮೇಲೆಯೇ ಕೂತುಬಿಟ್ಟರು.

‘ಪುಟ್ಟಮ್ಮ, ಒಂದು ಲೋಟ ಪಾನಕ ಕೊಡು’ ಎಂದರು. ಕುಡಿದು, ‘ಇದಕ್ಕೆ ಉಪ್ಪೇ ಹಾಕಿಲ್ವಲ್ಲ’ ಎಂದರು. ನಾನು ಹೇಳಿದ ಸುಳ್ಳು ನಿಜವೇ ಆಗಿತ್ತು.

ಆಟ ಸಮದಲ್ಲೇ ಮುಗಿಯಿತು. ಸಂಜೆ ಆಯಿಷಾ ನನ್ನ ಕೆನ್ನೆ ಹಿಂಡಿದರು. ‘ಗುಟ್ಟು ಹೇಳಿದವಳು ನಾನು, ಗೋಲು ನಿಮ್ಮದು. ಈ ಮೂಗಿಯನ್ನು ನಂಬಿ ಕೆಟ್ಟೆ.’ ನಸೀರ್ ಶಾಲೆಗೆ ಹೋಗಿ ಚಂದ್ರುವಿನ ಜೊತೆ ತಮಿಳಿನಲ್ಲೇ ಹರಟುತ್ತ ಕೂತಿದ್ದನಂತೆ. ಹೊರಡುವಾಗ ಆಯಿಷಾ ಒಣಮೀನಿನ ಪುಡಿ ಕಟ್ಟಿಕೊಟ್ಟರು. ನಾನು ಉಳಿದ ರಾಗಿಹಿಟ್ಟನ್ನೆಲ್ಲ ಅವರಿಗೇ ಬಿಟ್ಟು ಬಂದೆ.

ಮತ್ತೆ ಭದ್ರಾವತಿ

ಹಿಂತಿರುಗುವ ದಾರಿಯಲ್ಲಿ ರಾಮಣ್ಣನವರು ಚಂದ್ರುವಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಡಗಿನಲ್ಲಿ ಆಡಲಿಲ್ಲ, ರೈಲಿನಲ್ಲಿ ಆಡಲಿಲ್ಲ, ಭದ್ರಾವತಿಯಲ್ಲಿ ಇಳಿದಾಗಲೂ ಆಡಲಿಲ್ಲ. ಚಂದ್ರು ಮತ್ತೆ ಬದಲಿ ಕೆಲಸಕ್ಕೆ ಗೇಟಿನ ಮುಂದೆ ನಿಲ್ಲತೊಡಗಿದ. ನಾನು ಕೇಳಲಿಲ್ಲ. ಕೇಳುವ ಧೈರ್ಯ ಗಾಲೆಯಲ್ಲೇ ಖರ್ಚಾಗಿತ್ತು.

ಮಳೆಗೆ ಮುಂಚೆ ಮೆಸ್ಸಿನ ಹೆಂಚು ತೆಗೆದು ಹೊದಿಸುವ ಭಾನುವಾರ ಬಂತು. ಮಾಡಿನ ಮೇಲೆ ಬಾಷಾ, ಏಣಿಯ ಮೇಲೆ ಮುರುಗೇಶ, ಅವನ ಕೆಳಗೆ ಮೂರು ಜನ. ನೆಲದ ಮೇಲೆ, ಹೆಂಚಿನ ರಾಶಿಯ ಪಕ್ಕ ಚಂದ್ರು. ಅವನಿಗೂ ಮುಂದಿನವನಿಗೂ ನಡುವೆ ಒಬ್ಬರ ಜಾಗ ಖಾಲಿ ಇತ್ತು. ರಾಮಣ್ಣನವರು ಬಂದರು. ಕೊಡೆಯನ್ನು ಮೆಸ್ಸಿನ ಬಾಗಿಲಿಗೆ ಒರಗಿಸಿದರು. ಪಂಚೆ ಎತ್ತಿ ಕಟ್ಟಿ ಆ ಜಾಗದಲ್ಲಿ ನಿಂತರು.

ಚಂದ್ರು ಹೆಂಚು ನೀಡಿದ. ಅವರು ಕೈ ಒಡ್ಡಿದರು. ಅವನು ಬಿಡಲಿಲ್ಲ.

‘ಕೊಡಯ್ಯ’ ಎಂದರು.

ಚಂದ್ರು ಬಾಯಿ ಬಿಡಲಿಲ್ಲ. ಮೇಲಿನಿಂದ ಬಾಷಾ, ‘ಸಾರ್, ಏನೋ ಮರೆತ್ರಿ’ ಎಂದ. ಸಾಲಿನಲ್ಲಿ ಎಲ್ಲರೂ ನಗು ತಡೆದುಕೊಂಡು ನಿಂತರು.

ರಾಮಣ್ಣನವರು ಒಮ್ಮೆ ನನ್ನ ಕಿಟಕಿಯ ಕಡೆ ನೋಡಿದರು. ಆಮೇಲೆ ನಿಮ್ಮಪ್ಪನ ಮುಖ ನೋಡಿ, ‘ಹೂಂ’ ಎಂದರು.

ಖಾಯಂ ಮಾಡಿದ ಕಾಗದ ಬಂದದ್ದು ಆ ಮಳೆಗಾಲದ ನಡುವೆ. ಎಲ್ಲರೂ ಸಿಹಿ ಮಾಡು ಎಂದರು, ಮಾಡಿದೆ. ಆದರೆ ನಾನು ಆ ಭಾನುವಾರವೇ, ಯಾರಿಗೂ ಹೇಳದೆ, ಎಲ್ಲರ ಪಾಯಸಕ್ಕೂ ಒಂದು ಹಿಡಿ ಬೆಲ್ಲ ಹೆಚ್ಚು ಹಾಕಿದ್ದೆ. ಅಂದು ಒಡೆದ ಹೆಂಚು ಎರಡೇ. ಎರಡೂ ರಾಮಣ್ಣನವರ ಕೈಯಲ್ಲಿ. ಚಂದ್ರು ಏನೂ ಅನ್ನದೆ ರಾಶಿಯಿಂದ ಇನ್ನೊಂದನ್ನು ಎತ್ತಿ ಅವರ ಕೈಗೆ ಒಡ್ಡಿ, ಕಾಯುತ್ತ ನಿಂತಿದ್ದ.